ಒರಳಿನ ಮೇಲಿದ್ದ ಎಲೆ

ಶಾರದಾ, ನಿನ್ನ ಉಂಗುರಗಳನ್ನು ಕಳೆದವಳು ನಾನು. ನೀನಲ್ಲ. ಇಷ್ಟನ್ನು ಮೊದಲೇ ಬರೆದುಬಿಡುತ್ತೇನೆ — ಹಿಂದೆಮುಂದೆ ನೋಡುತ್ತ ಕೂತರೆ ಕಾಫಿ ಮಾಡುವ ನೆಪದಲ್ಲಿ ಮತ್ತೆ ಎದ್ದು ಹೋಗುತ್ತೇನೆ, ಹೋದ ಭಾನುವಾರ ಹೋದ ಹಾಗೆ.

ನಿನ್ನ ಮದುವೆಗೆ ಒಂದು ವಾರ ಇದ್ದಿರಬೇಕು. ಬಸವನಗುಡಿಯ ಇದೇ ಮನೆ, ಇದೇ ಹಿತ್ತಲು. ನಾನು ನಿಮ್ಮಣ್ಣನ ಕೈಹಿಡಿದು ಬಂದು ಇನ್ನೂ ವರ್ಷ ತುಂಬಿರಲಿಲ್ಲ. ನೀನು ಗೋರಂಟಿ ರುಬ್ಬಲು ಕೂತಾಗ ಬೆರಳಿನ ಎರಡು ಉಂಗುರ ತೆಗೆದೆಯಂತೆ — ನಿಶ್ಚಿತಾರ್ಥದಲ್ಲಿ ಗಂಡಿನ ಕಡೆಯವರು ಹಾಕಿದ ಚಿನ್ನದ್ದು, ನಿನ್ನಜ್ಜಿ ಕೊಟ್ಟಿದ್ದ ಬೆಳ್ಳಿಯದು. ಬಾಳೆಲೆಯ ಚೂರಿನಲ್ಲಿ ಮಡಿಚಿ, ಕಡ್ಡಿ ಚುಚ್ಚಿ, ಒರಳಿನ ಅಂಚಿನ ಮೇಲೆ ಇಟ್ಟೆಯಂತೆ. ಇದನ್ನು ನಾನು ನೋಡಲಿಲ್ಲ. ಆಮೇಲೆ ನೀನೇ ಹೇಳಿದ್ದು — ಎಷ್ಟೋ ಸಲ ಹೇಳಿದ್ದು, ಯಾರೂ ನಂಬದೆ ಹೋದದ್ದು.

ನಾನು ಕಂಡದ್ದು ಚೆಲ್ಲಾಡಿದ ಗೋರಂಟಿ ಕಡ್ಡಿ, ಹುಣಸೆ ನಾರು, ಮುದುರಿದ ಬಾಳೆಲೆ. ನೀನು ಎರಡೂ ಕೈಗೆ ಹಚ್ಚಿಸಿಕೊಂಡು ಒಳಗೆ ಕೂತಿದ್ದೆ. ಕಾನ್ವೆಂಟಿನ ಸಿಸ್ಟರ್‌ಗಳು ನನಗೆ ಚೆನ್ನಾಗಿ ಕಲಿಸಿದ್ದು ಒಂದೇ, ನೀಟ್‌ನೆಸ್. ಎಲ್ಲವನ್ನೂ ಮೊರಕ್ಕೆ ಬಾಚಿ, ದಾಸವಾಳದ ಬುಡದ ಗುಂಡಿಗೆ ಸುರಿದು, ಮೇಲೆ ಮಣ್ಣೆಳೆದೆ. ಒರಳು ತೊಳೆದೆ. ನಿಮ್ಮಮ್ಮ ಹಿತ್ತಲ ಬಾಗಿಲಲ್ಲಿ ನಿಂತಿದ್ದರು. ಅದುವರೆಗೆ ನನ್ನ ಸಾರಿಗೂ ನಿಟ್ಟುಸಿರು, ನನ್ನ ರಂಗೋಲಿಗೂ ನಿಟ್ಟುಸಿರು. ಅವತ್ತು ಮೊದಲ ಸಲ ನಕ್ಕರು.

"ಪರವಾಗಿಲ್ವೇ, ನಮ್ಮ ಕಾನ್ವೆಂಟಿಗೂ ಕೆಲಸ ಬರತ್ತೆ."

ನಗಬೇಡ — ಸ್ಕೂಲಿನಲ್ಲಿ ಮೆಡಲ್ ಸಿಕ್ಕಾಗಲೂ ನನಗೆ ಅಷ್ಟು ಹೆಮ್ಮೆಯಾಗಿರಲಿಲ್ಲ.

ಬೆಳಿಗ್ಗೆ ಕೆಂಪು ಅಂಗೈ ಹೊತ್ತು ನೀನು ಅಡಿಗೆಮನೆಗೆ ಬಂದೆ. "ಅತ್ತಿಗೆ, ಒರಳಿನ ಮೇಲೆ ಒಂದು ಎಲೆ ಇಟ್ಟಿದ್ದೆ, ನೋಡಿದ್ರಾ?" ಅಂದೆ. ಆ ಕ್ಷಣವೇ ನನಗೆ ಗೊತ್ತಾಯಿತು. ಗೊತ್ತಾಗಲಿಲ್ಲ ಎಂದು ಹೇಳಿಕೊಳ್ಳಲು ಮುಂದೆ ಬಹಳ ಸಲ ಪ್ರಯತ್ನಪಟ್ಟಿದ್ದೇನೆ, ಆದರೆ — ಗೊತ್ತಾಗಿತ್ತು. ಪಕ್ಕದಲ್ಲೇ ನಿಮ್ಮಮ್ಮ ಹಾಲು ಕಾಯಿಸುತ್ತಿದ್ದರು.

"ಇಲ್ಲ ಕಣೇ, ಯಾವ ಎಲೆಯೂ ಇರ್ಲಿಲ್ಲ."

ಅಷ್ಟೇ ಮಾತು. ಗುದ್ದಲಿ ತಂದು ಗುಂಡಿ ಬಗೆದಿದ್ದರೆ ಕಾಫಿ ಆರುವುದರೊಳಗೆ ಸಿಗುತ್ತಿತ್ತು. ಎಲ್ಲರೂ ಹಂಡೆ ಒಲೆಯ ಬೂದಿ ಜರಡಿ ಹಿಡಿದರು, ಬಚ್ಚಲ ಮೋರಿ ಕೆದಕಿದರು. ನಾನೂ ಅವರ ಜೊತೆ ಹುಡುಕಿದೆ — ಅವು ಇಲ್ಲದ ಜಾಗಗಳಲ್ಲೆಲ್ಲ. ಮದುವೆಯ ಗದ್ದಲ ಕಳೆದ ಮೇಲೆ ಒಂದು ಮಧ್ಯಾಹ್ನ ದಾಸವಾಳದ ಬುಡ ಕೆದಕಿದೆ, ಸಿಗಲಿಲ್ಲ. ಸಿಕ್ಕಿದ್ದರೂ ನಿನ್ನ ಕೈಗೆ ಕೊಡುತ್ತಿದ್ದೆನೋ, ಎಲ್ಲಾದರೂ ಬಚ್ಚಿಡುತ್ತಿದ್ದೆನೋ — ನನ್ನ ಬಗ್ಗೆ ನನಗೆ ನಂಬಿಕೆಯಿಲ್ಲ.

ನಿಮ್ಮಪ್ಪ ಅಂಥದೇ ಇನ್ನೊಂದು ಉಂಗುರ ಮಾಡಿಸಿಕೊಟ್ಟರು. ಆದರೂ ಸುದ್ದಿ ನಿನಗಿಂತ ಮೊದಲು ತ್ಯಾಗರಾಜನಗರದ ನಿನ್ನ ಅತ್ತೆಮನೆ ಸೇರಿತ್ತು. ಬೀರುವಿನ ಬೀಗದ ಕೈ ಆ ಮನೆಯಲ್ಲಿ ನಿನ್ನ ಕೈಗೆ ಬರಲೇ ಇಲ್ಲ ಎಂದು ನೀನೇ ನಗುತ್ತ ಹೇಳಿದ್ದೆ. "ನಾನು ಕೇರ್‌ಲೆಸ್ ಅಲ್ವಾ ಅತ್ತಿಗೆ" ಅನ್ನುತ್ತಿದ್ದೆ. ಮೊದಮೊದಲು ತಮಾಷೆಗೆ. ಆಮೇಲೆ ಗ್ಯಾಸ್ ಆರಿಸಿದ್ದೇನಾ ಎಂದು ಬಸ್ಸು ಇಳಿದು ವಾಪಸ್ಸು ಹೋಗುವುದು, ಚಿಲಕ ಹಾಕಿದ ಬಾಗಿಲನ್ನು ಮತ್ತೆ ಮತ್ತೆ ತಳ್ಳಿ ನೋಡುವುದು ಶುರುವಾಯಿತು. ಒರಳಿನ ಮೇಲೆ ಎಲೆ ಇಟ್ಟಿದ್ದೆ ಅನ್ನುವುದನ್ನು ಯಾವತ್ತು ನಿಲ್ಲಿಸಿದೆಯೋ ನೆನಪಿಲ್ಲ. ನಿಲ್ಲಿಸಿದೆ ಎನ್ನುವುದು ಮಾತ್ರ ಗೊತ್ತು.

ಈಗ ಹಿತ್ತಲಲ್ಲಿ ಮಳೆನೀರು ಇಂಗುಗುಂಡಿ ತೋಡಿಸಬೇಕಿತ್ತು. ನನ್ನ ಮಗಳು ಮೀರಾ, ತೋಡಿಸುವ ಮುಂಚೆ ಅತ್ತೆ ಉಂಗುರ ಹುಡುಕೋಣ ಎಂದು ಫ್ರೆಂಡ್ ಹತ್ತಿರ ಮೆಟಲ್ ಡಿಟೆಕ್ಟರ್ ಇಸ್ಕೊಂಡು ಬಂದಳು. ಹೋದ ಭಾನುವಾರ ನಿನ್ನನ್ನೂ ಕರೆಸಿದಳು. ಬೇಡ, ವೇಸ್ಟ್ ಆಫ್ ಟೈಮ್ ಎಂದು ನಾನು ಹೇಳಿದ್ದು ನಿನಗೆ ನೆನಪಿರಬಹುದು. ಮೆಷಿನ್ ಕಿರುಗುಟ್ಟಿದಾಗಲೆಲ್ಲ ನೀನು ಬಗ್ಗಿ ನೋಡುತ್ತಿದ್ದೆ — ಸೋಡಾ ಮುಚ್ಚಳ, ಮೊಳೆ, ಪಿನ್ನು. ದಾಸವಾಳದ ಹಳೇ ಬೊಡ್ಡೆಯ ಹತ್ತಿರ ಅದು ಬೇರೆ ಥರ ಕೂಗಿತು. ಮೀರಾ ಕೈಯಾರೆ ಮಣ್ಣು ಬಿಡಿಸಿದಳು. ಚಿನ್ನ ನಿನ್ನೆ ಬಿದ್ದ ಹಾಗಿತ್ತು. ಬೆಳ್ಳಿ ಕಪ್ಪಾಗಿ, ಅದು ಉಂಗುರವೆಂದೇ ತಿಳಿಯುತ್ತಿರಲಿಲ್ಲ. ನೀನು ದೇವರ ಮನೆಯಿಂದ ವಿಭೂತಿ ತಂದು, ಮೆಟ್ಟಿಲ ಮೇಲೆ ಕೂತು ಅದನ್ನು ಉಜ್ಜಿದೆ. ಬಿಳುಪು ಬಂದ ಮೇಲೆ ತಲೆಯೆತ್ತಿ ಅಂದೆ:

"ನೋಡಿದ್ರಾ ಅತ್ತಿಗೆ, ಗಿಡದ ಬುಡದಲ್ಲಿ ನಾನೇ ಇಟ್ಟು ಮರೆತಿದೀನಿ. ಅಮ್ಮ ಬೈದಿದ್ದು ಸರೀನೇ. ಇವು ನಿಮ್ಮ ಹತ್ರಾನೇ ಇರ್ಲಿ, ನಾನು ಮತ್ತೆ ಕಳೆದುಬಿಡ್ತೀನಿ."

ನಾನು ಕೈ ಚಾಚಿದೆ, ಶಾರದಾ. ಉಂಗುರ ತೆಗೆದುಕೊಂಡೆ. ಕಾಫಿ ಮಾಡ್ತೀನಿ ಎಂದು ಒಳಗೆ ಹೋದೆ. ಆಗ ನಾನು ಹೊಸ ಸೊಸೆ, ಹೆದರಿದ್ದೆ. ಈಗ ಹೆದರುವುದಕ್ಕೆ ಯಾರಿದ್ದರು? ನಿಮ್ಮಮ್ಮ ಇಲ್ಲ, ನಿಮ್ಮಣ್ಣ ಇಲ್ಲ. ಮೊದಲನೆಯ ಸುಳ್ಳಿಗಿಂತ ಈ ಮೌನವೇ —

ಕಾನ್ವೆಂಟಿನ ಚಾಪೆಲ್‌ನಲ್ಲಿ, ಪಾದ್ರಿಯ ಹತ್ತಿರ ತಪ್ಪು ಒಪ್ಪಿಕೊಳ್ಳುವ ಒಂದು ಕನ್ಫೆಷನ್ ಬಾಕ್ಸ್ ಇತ್ತು. ನಮ್ಮಂಥ ಹುಡುಗಿಯರು ಒಳಗೆ ಹೋಗುವ ಹಾಗಿರಲಿಲ್ಲ. ಕ್ರಿಶ್ಚಿಯನ್ ಹುಡುಗಿಯರು ಹಗುರವಾಗಿ ಹೊರಗೆ ಬರುವುದನ್ನು ನೋಡಿ ಹೊಟ್ಟೆಕಿಚ್ಚಾಗುತ್ತಿತ್ತು. ನನಗೆ ಹಗುರವಾಗುವುದು ಬೇಡ. ನಿನಗೆ ನಿನ್ನ ನೆನಪಿನ ಮೇಲೆ ನಂಬಿಕೆ ವಾಪಸ್ಸು ಬಂದರೆ ಸಾಕು.

ಪತ್ರಿಕೆಗೆಂದು ಬರೆದ ಇದು ಅಚ್ಚಾಗುವ ಮೊದಲೇ ಆಟೋ ಹಿಡಿದು ನಿನ್ನ ಮನೆಗೆ ಬರುತ್ತೇನೆ. ಮೀರಾಳೂ ಜೊತೆಗಿರುತ್ತಾಳೆ, ಅವಳೂ ಕೇಳಲಿ. ಎರಡು ಉಂಗುರಗಳನ್ನು ಬಾಳೆಲೆಯ ಚೂರಿನಲ್ಲಿ ಮಡಿಚಿ, ಕಡ್ಡಿ ಚುಚ್ಚಿ ತರುತ್ತೇನೆ. ನಿನ್ನ ಕೈಯಲ್ಲಿಟ್ಟು, ಅವತ್ತು ಅಡಿಗೆಮನೆಯಲ್ಲಿ ಹೇಳಬೇಕಾಗಿದ್ದ ಮಾತು ಹೇಳುತ್ತೇನೆ.

ಎಲೆ ಇತ್ತು ಶಾರದಾ. ನೀನು ಇಟ್ಟ ಜಾಗದಲ್ಲೇ ಇತ್ತು.