ಮುರುಗೆಪ್ಪನವರ ಮೊಣಕೈ

ನಮ್ಮ ಮನೆಯ ಫ್ರೀಜರ್‌ನಲ್ಲಿ ಬಟಾಣಿಗಿಂತ ಐಸ್ ಪ್ಯಾಕ್‌ಗಳೇ ಹೆಚ್ಚು. ಎಲ್ಲವೂ ನನ್ನ ಗಂಡ ಮುರುಗೆಪ್ಪನವರ ಬಲ ಮೊಣಕೈಗೆ ಮೀಸಲು. ವಾರವೆಲ್ಲ ಮನೆಯಿರುವ ಮನ್ರೋದಿಂದ ಆಫೀಸಿರುವ ಮಾರಿಸ್‌ಟೌನ್‌ಗೆ ಡ್ರೈವ್ ಮಾಡಿ, ದಿನವಿಡೀ ಮೌಸ್ ಹಿಡಿದು, ಸೋತು ಸುಣ್ಣವಾಗಿ ಬರುವ ಮನುಷ್ಯ ಶನಿವಾರವಾದರೂ ಸುಮ್ಮನೆ ಮಲಗಬಾರದೇ? ಇಲ್ಲ, ಚೀನೀ ಕುಸ್ತಿಗೆ ಹೋಗಬೇಕು. "ಕುಸ್ತಿ ಅಲ್ಲ ರಾಜಿ, ಕುಂಗ್‌ಫೂ" ಎಂದು ತಿದ್ದುತ್ತಾರೆ. ನನಗೆ ಎರಡೂ ಒಂದೇ. ಸಂಜೆ ಎಣ್ಣೆ ತಿಕ್ಕುವವಳು ನಾನು ತಾನೇ.

ನಾನು ಮದುವೆಯಾಗಿ ಬಂದಾಗ ಇವರು ಮ್ಯಾನ್‌ಹಟನ್‌ನ ಚೈನಾಟೌನ್‌ನಲ್ಲಿ ವಿಂಗ್ ಚುನ್ ಎಂಬ ಪದ್ಧತಿ ಕಲಿಯುತ್ತಿದ್ದರು. ಅಲ್ಲಿ ಮೊಣಕೈ ಎದೆಯ ಮುಂದೆಯೇ ಇರಬೇಕು, ಏನೇ ಹೊಡೆತ ಬಂದರೂ ಹೊರಕ್ಕೆ ಚಾಚಬಾರದು. ಊಟಕ್ಕೆ ಕುಳಿತರೂ ಮೊಣಕೈ ಒಳಗೆಳೆದುಕೊಂಡೇ ಅನ್ನ ಕಲಸುತ್ತಿದ್ದರು. ಬಾಡಿಗೆ ಏರಿ ಆ ಶಾಲೆ ಮುಚ್ಚಿತು. ಆಮೇಲೆ ಫ್ಲಶಿಂಗ್‌ನಲ್ಲಿ ಬಾಜಿ ಎಂಬ ಇನ್ನೊಂದು ಪದ್ಧತಿ. ಅಲ್ಲಿ ಮೊಣಕೈಯೇ ಆಯುಧ. ನೆಲ ಅದುರುವಂತೆ ಹೆಜ್ಜೆ ಊರಿ, ಮೈಭಾರವನ್ನೆಲ್ಲ ಮೊಣಕೈಗೆ ತಂದು ಎದುರಾಳಿಯ ಎದೆಗೂಡಿಗೆ ನುಗ್ಗಬೇಕು. ನಮ್ಮ ಗ್ಯಾರೇಜಿನ ಗೋಡೆಯಲ್ಲಿ ತೂತು ಬಿದ್ದದ್ದು ಆಗಲೇ, ಕೀಲುನೋವು ಶುರುವಾದದ್ದೂ ಆಗಲೇ. ಡಾಕ್ಟರ್ ಬೈದ ಮೇಲೆ ಎಡಿಸನ್‌ನಲ್ಲಿ ತೈಚಿ ಕಲಿಸುವ ಲಿಯಾಂಗ್ ಮಾಸ್ತರರ ಬಳಿ ಸೇರಿದರು. ಅಲ್ಲಿ ಮೊಣಕೈ ಅಂಟಿಕೊಂಡೂ ಇರಬಾರದು, ನುಗ್ಗಲೂಬಾರದು. ಹೆಗಲು ಸಡಿಲಬಿಟ್ಟು ಸುಮ್ಮನೆ ಕೆಳಕ್ಕೆ ಜೋತುಬೀಳಬೇಕು. ಒಬ್ಬರು ಕಲಿಸಿದ್ದನ್ನು ಇನ್ನೊಬ್ಬರು ಬಿಡಿಸುವಷ್ಟರಲ್ಲಿ ಇವರ ಮೊಣಕೈ ಮೂರಾಬಟ್ಟೆಯಾಯಿತು.

"ಸಿಂಕ್ ದ ಎಲ್ಬೋ!", ಮೊಣಕೈ ಇಳಿಬಿಡು, ಎಂಬುದೇ ಲಿಯಾಂಗ್ ಮಾಸ್ತರರ ಮಂತ್ರ. ಇವರ ಮೊಣಕೈಯನ್ನು ಎರಡು ಬೆರಳಿನಿಂದ ತಟ್ಟಿ ನೋಡುವರು. ಅದು ಗಟ್ಟಿಯಾಗಿ ಮೇಲೆದ್ದೇ ಇರುವುದು ಕಂಡು, ತಲೆಯಾಡಿಸಿ ಮುಂದಿನವರ ಬಳಿ ಹೋಗುವರು. ವರ್ಷಗಟ್ಟಲೆ ಇದೇ ಆಯಿತು.

"ಬೀಳವಲ್ದು ನೋಡ ರಾಜಿ. ಎಷ್ಟ ಸಡಿಲ ಬಿಟ್ರೂ ಬೀಳವಲ್ದು" ಎಂದು ಇವರು ಕಾರಿನಲ್ಲಿ ಸೋತ ದನಿಯಲ್ಲಿ ಹೇಳುತ್ತಿದ್ದರು.

"ಬಿಟ್ಟುಬಿಡಿ ಅಂದ್ರೆ ಕೇಳಲ್ಲ ನೀವು" ಎನ್ನುವುದು ನನ್ನ ಮಂತ್ರ.

ಕಳೆದ ಚಳಿಗಾಲದಲ್ಲಿ ಮಾಸ್ತರರು ಮಗಳಿದ್ದ ಕ್ಯಾಲಿಫೋರ್ನಿಯಾಕ್ಕೆ ಹೊರಟುನಿಂತರು. ಹೋಗುವ ಮುಂಚೆ ಒಬ್ಬರನ್ನು ತಮ್ಮ ಶಿಷ್ಯನೆಂದು ಸ್ವೀಕರಿಸಿ, ಕ್ಲಾಸನ್ನು ಅವರ ಕೈಗೆ ಒಪ್ಪಿಸುವುದಿತ್ತು. ಅದಕ್ಕೊಂದು ಶಾಸ್ತ್ರವಿದೆ. ಶಿಷ್ಯ ಮಂಡಿಯೂರಿ ಎರಡು ಕೈಯಲ್ಲಿ ಟೀ ಕೊಡಬೇಕು. ಗುರು ಕುಡಿದರೆ ಆತ ಅವರ ಮನೆಯವನಾದಂತೆ. ಕುಡಿಯದಿದ್ದರೆ ಎದ್ದು ಬರಬೇಕು. ಹಳಬರಲ್ಲಿ ಉಳಿದಿದ್ದವರು ಇವರೊಬ್ಬರೇ. ಆದರೂ ಮಾಸ್ತರರು ಮಾತು ಕೊಡಲಿಲ್ಲ. "ಟೀ ತಗೊಂಡು ಬಾ, ನೋಡೋಣ" ಎಂದರಷ್ಟೇ.

ಆಫೀಸಿನಲ್ಲಿ ಇವರನ್ನು 'ರಿಸೋರ್ಸ್' ಎನ್ನುತ್ತಾರೆ. ಬಂದ ಬಾಸ್‌ಗಳೆಲ್ಲ ಪ್ರಮೋಷನ್ ಎಂದು ಮೊಣಕೈಗೆ ಬೆಲ್ಲ ಸವರಿ ಹೋದರು. "ಇಂವಾ ನನ್ನವ ಅಂತ ಯಾರರೆ ಒಬ್ರು ಅನ್ಲಿ ರಾಜಿ, ಸಾಕಾಗೇತಿ" ಎಂದರು ಒಂದು ದಿನ. ಐವತ್ತು ದಾಟಿದ ಗಂಡಸು ಹಾಗೆಂದ ಮೇಲೆ, ಮಗಳು ಶ್ರಿಯಾಳನ್ನು ಸೋಫಾದ ಮೇಲೆ ಗುರುವಾಗಿ ಕೂರಿಸಿ, ಖಾಲಿ ಲೋಟದಲ್ಲಿ ಎರಡು ಕೈಯ ಶಾಸ್ತ್ರವನ್ನು ಇವರಿಂದ ಪ್ರಾಕ್ಟೀಸ್ ಮಾಡಿಸಿದೆ.

ಆ ದಿನ ಬಂತು. ಒಂದು ಚೀನೀ ಹೋಟೆಲಿನ ಹಿಂದಿನ ಕೋಣೆ. ಇವರ ಆಫೀಸಿನಲ್ಲಿ ಹೊಸ ಸಾಫ್ಟ್‌ವೇರ್ ರಿಲೀಸ್ ಇದ್ದುದರಿಂದ ಸರಿಯಾಗಿ ನಿದ್ದೆಯಿರಲಿಲ್ಲ, ಕಣ್ಣು ಕೆಂಪಾಗಿತ್ತು. ಮಾಸ್ತರರ ಮುಂದೆ ಮಂಡಿಯೂರಿದಾಗ ಮೂಳೆಯ ಸದ್ದು ನನಗೇ ಕೇಳಿಸಿತು. ತುಂಬಿದ ಕಪ್ಪು ಎತ್ತಿದರು. ಅಷ್ಟರಲ್ಲಿ ಎಡಗೈ ತಾನಾಗಿ ಕಪ್ಪು ಬಿಟ್ಟು ಬಲ ಮೊಣಕೈಗೆ ಹೋಯಿತು.

ಹುಟ್ಟುಗುಣ ಸುಟ್ಟರೂ ಹೋಗದು. ನಮ್ಮತ್ತೆ ನಿಂಗಮ್ಮನವರ ಮನೆಯಲ್ಲಿ ದೊಡ್ಡವರಿಗೆ ಏನೇ ಕೊಡಲಿ, ಬಲಗೈಲಿ ಕೊಟ್ಟು ಎಡಗೈಯನ್ನು ಬಲ ಮೊಣಕೈಗೆ ತಾಗಿಸಬೇಕು. ಮಠದ ಸ್ವಾಮಿಗಳಿಗೆ ಹಾಗೆ ಕೊಡದೆ ಇವರು ಚಿಕ್ಕಂದಿನಲ್ಲಿ ಅತ್ತೆಯಿಂದ ಎಷ್ಟು ಸಲ ಏಟು ತಿಂದಿದ್ದರೋ. ಆದರೆ ಈ ಕೋಣೆಯಲ್ಲಿ ಒಂದು ಕೈಯಲ್ಲಿ ಟೀ ಕೊಡುವುದೆಂದರೆ ಗುರುವಿಗೆ ಅವಮಾನ. ನೆರೆದಿದ್ದ ಕ್ಲಾಸಿನ ಜನ ಗುಸುಗುಸು ಎಂದರು. ಮಾಸ್ತರರು ಕಪ್ಪು ಮುಟ್ಟಲಿಲ್ಲ.

"ಬೋತ್ ಹ್ಯಾಂಡ್ಸ್, ಅಪ್ಪಾ!" ಎಂದಳು ಶ್ರಿಯಾ.

ಇವರು ಬೆಚ್ಚಿಬಿದ್ದು ಎರಡೂ ಕೈಯಲ್ಲಿ ಕಪ್ಪು ಹಿಡಿದರು. ಮೊಣಕೈಗಳೆರಡೂ ಎದ್ದವು, ಟೀ ಪ್ಯಾಂಟಿನ ಮೇಲೆ ಚೆಲ್ಲಿತು. ಮಾಸ್ತರರು ಎರಡು ಬೆರಳಿನಿಂದ ಮೊಣಕೈ ತಟ್ಟಿ ಮುಖ ಸಿಂಡರಿಸಿದರು. ಇಷ್ಟು ವರ್ಷದ ಎಣ್ಣೆ, ಐಸು, ಟರ್ನ್‌ಪೈಕಿನ ಟೋಲು ಎಲ್ಲ ನೀರಲ್ಲಿ ಹೋಮ ಎಂದುಕೊಂಡೆ.

"ನೋ" ಎಂದು ಗದರಿದರು ಮಾಸ್ತರರು. "ಮೊದಲು ಹಿಡಿದಿದ್ದ ಹಾಗೆ ಹಿಡಿ" ಎಂದು ಇಂಗ್ಲಿಷಿನಲ್ಲಿ ಹೇಳಿದರು.

ಇವರಿಗೆ ಅರ್ಥವಾಗಲಿಲ್ಲ. ಆದರೂ ಮತ್ತೆ ಬಲಗೈಯಲ್ಲಿ ಕಪ್ಪು ಹಿಡಿದು, ಎಡಗೈಯನ್ನು ಮೊಣಕೈಗೆ ತಂದು ತಲೆ ಬಾಗಿಸಿದರು. ಮಾಸ್ತರರು ಆ ಎಡಗೈಯನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು. ಮೊಣಕೈ ಎದ್ದುಬರಲಿಲ್ಲ. ಹೆಗಲು ಇಳಿದಿತ್ತು, ಮೊಣಕೈ ತನ್ನ ಭಾರಕ್ಕೆ ತಾನೇ ಜೋತುಬಿದ್ದಿತ್ತು. ಕೆಳಗಿನಿಂದ ತಟ್ಟಿದರು. ಮತ್ತೊಮ್ಮೆ ತಟ್ಟಿದರು.

"ಇಷ್ಟು ವರ್ಷ ಇದನ್ನ ಎಲ್ಲಿ ಬಚ್ಚಿಟ್ಟಿದ್ದೆ?" ಎಂದು ಸಿಟ್ಟಿನಿಂದಲೇ ಕೇಳಿ, ಕಪ್ಪು ತೆಗೆದುಕೊಂಡು ಉಳಿದ ಟೀಯನ್ನೆಲ್ಲ ಕುಡಿದರು.

ಇವರು ಮಂಡಿಯೂರಿದಲ್ಲೇ ಅತ್ತರು. ಅತ್ತೆ ತೀರಿಕೊಂಡಾಗಲೂ ಆಫೀಸಿನಲ್ಲಿ ಏನೋ ರಿಲೀಸ್ ಇತ್ತು, ಆಗ ಅಳುವುದಕ್ಕೆ ಇವರಿಗೆ ಪುರಸೊತ್ತಾಗಿರಲಿಲ್ಲ.

ವಾಪಸು ಬರುವಾಗ ನಾನೇ ಡ್ರೈವ್ ಮಾಡಿದೆ. ಹಿಂದಿನ ಸೀಟಿನಲ್ಲಿ ಶ್ರಿಯಾ ನಿದ್ದೆ ಹೋಗಿದ್ದಳು. ಇವರು ಕಿಟಕಿಯ ಹೊರಗೆ ನೋಡುತ್ತ "ಅವ್ವ ಇರಬೇಕಿತ್ತು ನೋಡ" ಎಂದರು.

"ಇದ್ದಿದ್ರೆ ಟೀ ಚೆಲ್ಲಿದ್ದಕ್ಕೆ ಹೊಡೀತಿದ್ರು" ಎಂದೆ.

"ಹೌದ, ಹೊಡೀತಿದ್ಲು" ಎಂದು ಇವರು ಮೊಣಕೈ ಸವರಿಕೊಂಡರು.