ಊದಣ್ಣನೂ ಗವಾಯಿಯೂ ನುಂಗಿದ ಮಾತ್ರೆ

ನಮ್ಮ ಬ್ಯಾಂಡ್‌ಸೆಟ್ಟಿನ ಮೇಸ್ತ್ರಿಗೆ ಹೆತ್ತವರು ಇಟ್ಟ ಹೆಸರೊಂದು ಇದ್ದಿರಲೇಬೇಕು. ಅದು ಅವರ ಹೆಂಡತಿಗೆ ಗೊತ್ತಿತ್ತೇನೋ. ನಮಗೆಲ್ಲ ಅವರು ಊದಣ್ಣ. ಟ್ರಂಪೆಟ್ ಊದುವವರು ಊರಲ್ಲಿ ಬೇರೆಯವರೂ ಇದ್ದರು. ಅವರು ಊದಿದ್ದು ಕಿವಿಗೆ ಕೇಳಿಸುತ್ತಿತ್ತು, ಊದಣ್ಣ ಊದಿದ್ದು ಮೈಗೆ ತಾಗುತ್ತಿತ್ತು. ಮೆರವಣಿಗೆಯ ಮುಂದೆ ನಿಂತು ಒಂದು ಉದ್ದನೆಯ ಸ್ವರ ಹಿಡಿದರೆಂದರೆ ಹಿಂದಿನ ಬೀದಿಯಲ್ಲಿ ಒಣಹಾಕಿದ ಬಟ್ಟೆ ಬಿಸಿಲಿಲ್ಲದೆಯೇ ಒಣಗುತ್ತಿತ್ತು. ಒಮ್ಮೆ ಅವರು ಉಸಿರೆಳೆದುಕೊಂಡ ರಭಸಕ್ಕೆ ಮದುಮಗನ ಕೋಟಿನಲ್ಲಿದ್ದ ಹೂವು ಹಾರಿ ಬಂದು ಟ್ರಂಪೆಟ್ಟಿನ ಬಾಯಿಗೆ ಅಂಟಿಕೊಂಡಿತ್ತು. ಪಕ್ಕದಲ್ಲೇ ದೊಡ್ಡ ಡ್ರಮ್ ಹೊತ್ತು ನಿಂತಿದ್ದವನು ನಾನು. ನನ್ನನ್ನು ನಂಬದವರು ಆ ಡ್ರಮ್ಮನ್ನೇ ಕೇಳಬಹುದು.

ಗವಾಯಿ ನಮ್ಮ ಬ್ಯಾಂಡಿಗೆ ಸೇರಿದ್ದು ನಾಯಿಮರಿಯಾಗಿದ್ದಾಗ. ಟೈರ್ ಅಂಗಡಿಯ ಹಿಂದಿನ ಶೆಡ್ಡಿನಲ್ಲಿ ನಮ್ಮ ತಾಲೀಮು. ಚಳಿಗೆ ಎಲ್ಲೂ ಜಾಗ ಸಿಗದೆ ಅದು ದೊಡ್ಡ ಕಹಳೆಯ ಬಾಯೊಳಗೆ ಮಲಗಿತ್ತು. ಬೆಳಗ್ಗೆ ಕಹಳೆಯವನು ಊದಿದ, ಮರಿ ಹೊರಗೆ ಬಂದು ಬಿತ್ತು. ಬಿದ್ದದ್ದು ಎದ್ದು ನಿಂತು, ಗದ್ದ ಮೇಲೆತ್ತಿ, ಕಹಳೆ ಬಿಟ್ಟ ಸ್ವರವನ್ನೇ ತಾನೂ ಹಿಡಿಯಿತು. ಊದಣ್ಣ ಟ್ರಂಪೆಟ್ ಕೆಳಗಿಟ್ಟರು. "ನಮ್ಮಲ್ಲಿ ಶ್ರುತಿ ಸೇರಿಸೋನು ಇವನೊಬ್ಬನೇ ಕಣ್ರೋ" ಅಂದರು. ನಾವೆಲ್ಲ ಮುಖ ಗಂಟು ಹಾಕಿಕೊಂಡೆವು. ಮಾತು ಸುಳ್ಳಾಗಿರಲಿಲ್ಲ.

ಊದಣ್ಣನ ಬ್ಯಾಂಡಿನಲ್ಲಿ ಒಂದೇ ಒಂದು ಕಾನೂನು. ಅವರು ಉಸಿರೆಳೆದು, ಹುಬ್ಬು ಏರಿಸಿ, ತಲೆಯನ್ನು ಒಮ್ಮೆ ಕೆಳಗೆ ಹಾಕುವ ತನಕ ಯಾರೂ ಬಾಯಿ ಹಾಕುವಂತಿಲ್ಲ. ಇದು ವಾದ್ಯಕ್ಕಷ್ಟೇ ಅಲ್ಲ, ತಾಲೀಮಿನ ನಡುವೆ ಬರುವ ಚಹಾ ಬನ್ನಿಗೂ ಅನ್ವಯ. ಎಲ್ಲರ ಕೈಗೂ ಬನ್ನು ಬರಬೇಕು, ಮೇಸ್ತ್ರಿ ಉಸಿರೆಳೆಯಬೇಕು, ಹುಬ್ಬು ಏರಬೇಕು, ತಲೆ ಇಳಿಯಬೇಕು, ಅವರು ಮೊದಲ ತುತ್ತು ನುಂಗಬೇಕು. ಆಮೇಲೆ ನಾವು. ನಾನು ಆಗಾಗ ಕದ್ದು ತಿನ್ನುತ್ತಿದ್ದೆ. ಗವಾಯಿ ಒಮ್ಮೆಯೂ ತಿನ್ನಲಿಲ್ಲ. ಎದುರಿಗೆ ಬನ್ನು ಇಟ್ಟುಕೊಂಡು, ಜೊಲ್ಲಿನಲ್ಲಿ ಶೆಡ್ಡಿನ ಅರ್ಧ ನೆಲ ತೊಳೆಯುತ್ತಾ, ಕಣ್ಣು ಮಾತ್ರ ಮೇಸ್ತ್ರಿಯ ಗಂಟಲ ಮೇಲಿಟ್ಟು ಕೂತಿರುತ್ತಿತ್ತು.

ಮದುವೆ ಮುಗಿದು ಹುಡುಗಿಯ ಕಾರು ಹೊರಡುವಾಗ ನಾವೊಂದು ಬೀಳ್ಕೊಡುಗೆಯ ಧಾಟಿ ನುಡಿಸುತ್ತಿದ್ದೆವು. ಅದರ ಕೊನೆಯಲ್ಲಿ ಒಂದು ನೀಳ ಸ್ವರ. ಊದಣ್ಣ ಅದನ್ನು ಅರ್ಧ ದಾರಿ ಒಯ್ದು, ಗವಾಯಿಯ ಕಡೆ ತಿರುಗಿ ತಲೆ ಹಾಕುತ್ತಿದ್ದರು. ಉಳಿದ ಅರ್ಧ ಗವಾಯಿಯದು. ಅದು ಗದ್ದ ಎತ್ತಿ ಹಿಡಿದ ಆ ಕೂಗು ಕೇಳಿದರೆ ಹುಡುಗಿಯ ಅಮ್ಮ ಇರಲಿ, ಹುಡುಗಿಯನ್ನು ಕಂಡರಾಗದ ಚಿಕ್ಕಮ್ಮಂದಿರೂ ಅಳುತ್ತಿದ್ದರು. ಕಾರಿನ ಡ್ರೈವರ್ ಕಣ್ಣೀರು ತಡೆಯಲಾರದೆ ಗಾಜಿನ ವೈಪರ್ ಹಾಕಿಕೊಂಡು ಗಾಡಿ ಓಡಿಸಿದ್ದನ್ನು ನಾನೇ ಕಂಡಿದ್ದೇನೆ.

ಹೀಗಿದ್ದ ಊದಣ್ಣನಿಗೆ ಒಂದು ದಿನ ಮನೆಯ ಮೆಟ್ಟಿಲು ಹತ್ತುವುದೇ ಕಷ್ಟವಾಯಿತು. ಕಾಲು ಊದಿಕೊಂಡಿತು. "ಟ್ರಂಪೆಟ್ ಬಿಟ್ಟು ಕಾಲಿಗೆ ಊದ್ಕೊಂಡ್ರಾ?" ಎಂದು ಹೆಂಡತಿ ನಗುತ್ತಲೇ ಆಸ್ಪತ್ರೆಗೆ ಕರೆದೊಯ್ದರು. ಬರುವಾಗ ಅವರ ಮುಖದಲ್ಲಿ ನಗು ಇರಲಿಲ್ಲ. ಹೃದಯ ಸೋತಿದೆ, ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಏರಿದೆ, ಇನ್ನು ಊದುವ ಮಾತೇ ಇಲ್ಲ ಎಂದಿದ್ದರು ಡಾಕ್ಟರು. ಒಂದು ಮಾತ್ರೆಯನ್ನೂ ಬರೆದುಕೊಟ್ಟಿದ್ದರು.

ಎಡವಟ್ಟಾದದ್ದು ಆ ಮಾತ್ರೆಯಿಂದ. ಅದು ಶ್ವಾಸಕೋಶದ ನಾಳಗಳನ್ನು ಸಡಿಲಿಸಿ ಉಸಿರನ್ನು ಹಗುರ ಮಾಡುತ್ತದಂತೆ. ಊರಿಗೆ ಗೊತ್ತಿದ್ದದ್ದು ಮಾತ್ರ ಅದರ ಇನ್ನೊಂದು ಉಪಕಾರ, ಗಂಡಸರು ಅತ್ತಿತ್ತ ನೋಡಿ ಪಿಸುಗುಟ್ಟಿ ಕೇಳುವಂಥದ್ದು. ಔಷಧಿ ಅಂಗಡಿಯವನು ಚೀಟಿ ಓದಿ, ಕನ್ನಡಕದ ಮೇಲಿಂದ ನೋಡಿದ.

"ಏನಣ್ಣಾ, ಈ ವಯಸ್ಸಲ್ಲೂ? ಭೇಷ್!"

ಅಂಗಡಿಯಲ್ಲಿದ್ದವರೆಲ್ಲ ತಿರುಗಿದರು. ಊದಣ್ಣನ ಕಿವಿ ಎಷ್ಟು ಕೆಂಪಾಯಿತೆಂದರೆ ಎದುರಿನ ರಸ್ತೆಯಲ್ಲಿ ಗಾಡಿಗಳು ಸಿಗ್ನಲ್ ಬಿತ್ತೆಂದು ನಿಂತುಬಿಟ್ಟವು. ಮಾತ್ರೆಯ ಪಟ್ಟಿಯನ್ನು ಕಿಸೆಗೆ ತುರುಕಿಕೊಂಡು ಬಂದವರು ಅದನ್ನು ಟ್ರಂಪೆಟ್ಟಿನ ಪೆಟ್ಟಿಗೆಯೊಳಗೆ ಹಾಕಿ, ಪೆಟ್ಟಿಗೆಯನ್ನು ಮಂಚದ ಕೆಳಗೆ ತಳ್ಳಿದರು. ಹೆಂಡತಿ ಕೇಳಿದಾಗಲೆಲ್ಲ "ತಗೋತಿದೀನಿ ಮಾರಾಯ್ತಿ" ಎನ್ನುತ್ತಿದ್ದರು.

ಟ್ರಂಪೆಟ್ಟಿನ ತುದಿಗೆ ಸಿಕ್ಕಿಸುವ ಹಿತ್ತಾಳೆಯ ಬಾಯಿಯನ್ನು ಮಾತ್ರ ಕಿಸೆಯಲ್ಲಿಟ್ಟುಕೊಂಡಿದ್ದರು. ಬಾಗಿಲ ಕಟ್ಟೆಯ ಮೇಲೆ ಅವರು, ಕೆಳಗೆ ಗವಾಯಿ. ಸಂಜೆ ಎಲ್ಲೋ ದೂರದಲ್ಲಿ ಯಾರದೋ ಮದುವೆಯ ವಾದ್ಯ ಕೇಳಿದರೆ ಇಬ್ಬರ ತಲೆಯೂ ಒಟ್ಟಿಗೇ ಏಳುತ್ತಿತ್ತು. ಗವಾಯಿ ಅವರ ಮುಖ ನೋಡುತ್ತಿತ್ತು. ಅವರ ಕೈ ಕಿಸೆಯೊಳಗೆ ಹಿತ್ತಾಳೆಯನ್ನು ಸವರುತ್ತಿತ್ತು. ವಾದ್ಯ ದೂರವಾಗುತ್ತಿತ್ತು. ತಲೆ ಇಳಿಯುವುದಿಲ್ಲ ಎಂದು ಖಾತ್ರಿಯಾದ ಮೇಲೆ ಗವಾಯಿ ಮುಂಗಾಲ ಮೇಲೆ ಗದ್ದ ಇಟ್ಟು ಮಲಗುತ್ತಿತ್ತು. "ಆ ನಮ್ಮ ಸ್ವರ ಇನ್ನೊಂದು ಸಲ ಕೇಳ್ಬೇಕು ಕಣೋ" ಎಂದು ನನ್ನ ಹತ್ತಿರ ಹೇಳುತ್ತಿದ್ದರು. "ನಾನು ಊದದಿದ್ರೂ ಪರವಾಗಿಲ್ಲ. ಇವನ ಅರ್ಧ ಆದ್ರೂ ಸಾಕು."

ಆ ಬೇಸಿಗೆಯಲ್ಲಿ ಗವಾಯಿಗೆ ಕೆಮ್ಮು ಹತ್ತಿತು. ವಯಸ್ಸಾಯಿತು ಅಂದುಕೊಂಡೆವು. ಒಂದು ಮಧ್ಯಾಹ್ನ ಧ್ವನಿವರ್ಧಕ ಕಟ್ಟಿಕೊಂಡ ಲಾರಿಯೊಂದು ಬೀದಿಯಲ್ಲಿ ಬಂತು. ಈಗ ಮದುವೆಗಳಿಗೆ ಅದೇ ತಾನೇ, ಊದುವವರಿಲ್ಲದ ಊದು. ಅದರಲ್ಲಿ ನಮ್ಮ ಧಾಟಿಯೇ ಬಂದುಬಿಟ್ಟಿತು. ಊದಣ್ಣ ಒಳಗಿದ್ದರು. ತಲೆ ಹಾಕುವವರಿಲ್ಲದೆ ಜೀವಮಾನದಲ್ಲಿ ಮೊದಲ ಬಾರಿಗೆ ಗವಾಯಿ ಕಾನೂನು ಮುರಿಯಿತು. ಗೇಟಿಗೆ ಓಡಿ, ಗದ್ದ ಎತ್ತಿ, ಸ್ವರ ಹಿಡಿಯುವಷ್ಟರಲ್ಲಿ ಧೊಪ್ಪನೆ ಬಿತ್ತು. ನಾಲಿಗೆ ನೀಲಿಯಾಗಿತ್ತು.

ಡ್ರಮ್ ಸಾಗಿಸುವ ಕೈಗಾಡಿಯಲ್ಲಿ ಮಲಗಿಸಿಕೊಂಡು ನಾನೂ ಅವರೂ ಪಶುವೈದ್ಯೆಯ ಬಳಿ ಓಡಿದೆವು. ಡಾಕ್ಟರಮ್ಮ ಉಸಿರಿಗೆ ಆಕ್ಸಿಜನ್ ಕೊಟ್ಟು, ಎದೆಯ ಚಿತ್ರ ತೆಗೆದು, ಎಷ್ಟೋ ಹೊತ್ತಿನ ಮೇಲೆ ಚೀಟಿ ಬರೆದರು.

"ಹೃದಯ ದೊಡ್ಡದಾಗಿದೆ. ಶ್ವಾಸಕೋಶದ ಒತ್ತಡ ಜಾಸ್ತಿ. ಇದನ್ನ ಮನುಷ್ಯರ ಔಷಧಿ ಅಂಗಡೀಲೇ ತಗೊಳ್ಳಿ, ನಾಯಿಗೂ ಇದೇ ಕೊಡೋದು."

ಊದಣ್ಣ ಚೀಟಿಯನ್ನು ಹತ್ತಿರ ಹಿಡಿದು ಓದಿದರು, ದೂರ ಹಿಡಿದು ಓದಿದರು. "ಡಾಕ್ಟರಮ್ಮಾ, ಇದು ನನ್ನ ಮಾತ್ರೆ."

"ಹೌದಾ? ತಗೋತಿದ್ದೀರಾ?"

ಊದಣ್ಣ ಚಾವಣಿಯ ಫ್ಯಾನನ್ನು ಬಹಳ ಆಸಕ್ತಿಯಿಂದ ನೋಡತೊಡಗಿದರು. ಫ್ಯಾನಿನಿಂದ ಕಣ್ಣು ಕೀಳದೆಯೇ, "ಮನೇಲಿರೋದನ್ನೇ ಮುರಿದು ಹಾಕ್ಲಾ?" ಎಂದರು.

"ಬೇಡ. ಔಷಧಿ ಒಂದೇ, ಅಳತೆ ಬೇರೆ. ಅವನ ತೂಕಕ್ಕೆ ತಕ್ಕ ಹಾಗೆ ಬರೆದಿದ್ದೀನಿ. ಇನ್ನೊಂದು ಮಾತು. ನಮಗೆ ಒಗ್ಗಿದ್ದೆಲ್ಲ ಇವಕ್ಕೆ ಒಗ್ಗಲ್ಲ. ತಲೆನೋವಿನ ಮಾತ್ರೆ ಕೊಟ್ಟು ನಾಯಿ ಕಳ್ಕೊಂಡೋರಿದ್ದಾರೆ."

"ವಾಸಿಯಾಗುತ್ತಾ?"

"ವಾಸಿ ಆಗಲ್ಲ. ಉಸಿರಾಟ ಸಲೀಸಾಗುತ್ತೆ, ಇರೋ ದಿನ ಚೆನ್ನಾಗಿರ್ತಾನೆ. ಓಡಿಸ್ಬೇಡಿ. ಕೂಗಿಸ್ಬೇಡಿ. ಇವತ್ತಿನ ಥರ ಇನ್ನೊಂದು ಉದ್ದ ಕೂಗಾದ್ರೆ ನನ್ನ ಹತ್ರ ತರೋ ಅವಕಾಶಾನೂ ಸಿಗದೇ ಹೋಗ್ಬಹುದು."

ನೇರ ಔಷಧಿ ಅಂಗಡಿಗೆ ಹೋದೆವು. ಅಂಗಡಿಯವನು ಚೀಟಿ ನೋಡಿದ, ಕನ್ನಡಕ ಜಾರಿಸಿದ. "ಈ ಸಲ ಯಾರಿಗಣ್ಣಾ?"

"ನಾಯಿಗೆ!" ಎಂದರು ಊದಣ್ಣ, ಬೀದಿಯ ಕೊನೆಗೂ ಕೇಳುವಂತೆ. ಕೈಗಾಡಿಯಲ್ಲಿ ಮೂಗಿನಿಂದ ಉಸಿರು ಸಾಲದೆ ಬಾಯಿ ತೆರೆದು ಮಲಗಿದ್ದ ಗವಾಯಿಯನ್ನು ಬಗ್ಗಿ ನೋಡಿದವನು ಆಮೇಲೆ ನಗಲಿಲ್ಲ. ಮಾತ್ರೆಯನ್ನು ಬರೆದ ಅಳತೆಗೆ ತಾನೇ ತುಂಡು ಮಾಡಿ, ಪುಟ್ಟ ಡಬ್ಬಿಯಲ್ಲಿ ಹಾಕಿಕೊಟ್ಟ.

ಗವಾಯಿ ನುಂಗಬೇಕಲ್ಲ! ಬ್ರೆಡ್ಡಿನಲ್ಲಿಟ್ಟರೆ ಬ್ರೆಡ್ಡು ಹೋಯಿತು, ಮಾತ್ರೆ ಉಳಿಯಿತು. ಬಾಳೆಹಣ್ಣಿನಲ್ಲಿಟ್ಟರೆ ಹಣ್ಣು ಹೋಗಿ ಮಾತ್ರೆ ತೊಳೆದಿಟ್ಟ ಹಾಗೆ ನೆಲದ ಮೇಲೆ ಕೂತಿತು. ಬೆಣ್ಣೆಯೊಳಗಿಟ್ಟಾಗಲಂತೂ ಬೆಣ್ಣೆಯನ್ನು ಮಾತ್ರ ಅದೆಷ್ಟು ನಯವಾಗಿ ನೆಕ್ಕಿತೆಂದರೆ ಅದು ಮಾತ್ರೆಗೆ ಪಾಲಿಶ್ ಹಾಕುವ ಕೆಲಸ ಹಿಡಿದಿದೆಯೇ ಎಂದು ಅನುಮಾನ ಬಂತು. ಉಸಿರು ಸೀಟಿಯ ಹಾಗೆ ಕೇಳುತ್ತಿತ್ತು. ಊದಣ್ಣ ಸುಸ್ತಾಗಿ ಎದುರಿಗೆ ಕೂತರು. ಆಗ ಕಂಡಿತು, ಗವಾಯಿಯ ಕಣ್ಣು ಅವರ ಗಂಟಲ ಮೇಲಿತ್ತು.

"ಅಯ್ಯೋ, ನನ್ನ ಕಾನೂನು ನನಗೇ ಬಂತಲ್ಲೋ!"

ಬರಿಗೈಯನ್ನು ಬಾಯಿಗಿಟ್ಟು, ಉಸಿರೆಳೆದು, ಹುಬ್ಬೇರಿಸಿ, ತಲೆ ಹಾಕಿದರು. ಗವಾಯಿ ಅಲ್ಲಾಡಲಿಲ್ಲ. ಗಂಟಲು ಕದಲಿರಲಿಲ್ಲ. ಸುಳ್ಳು ಊದುವವನನ್ನು ಗವಾಯಿ ಮೆರವಣಿಗೆಯಲ್ಲೂ ಹಿಡಿಯುತ್ತಿತ್ತು. ಊದಣ್ಣ ಮೆಲ್ಲನೆ ಬಗ್ಗಿ ಮಂಚದ ಕೆಳಗಿನ ಪೆಟ್ಟಿಗೆ ಎಳೆದರು. ಒಂದೂ ಮಾತ್ರೆ ಬಿಚ್ಚದ ಪಟ್ಟಿ ಹೊರಬಂತು. ಹೆಂಡತಿ ಬಾಗಿಲಲ್ಲೇ ನಿಂತಿದ್ದರು.

"ತಗೋತಿದೀನಿ ಅಂದ್ರಲ್ಲ? ಟ್ರಂಪೆಟ್ಟಿಗೆ ನುಂಗಿಸ್ತಿದ್ರಾ?"

"ಜನ ನಗ್ತಾರೆ ಅಂತ..."

"ಜನ ನಗೋದು ನಿಮಗೆ ಕೇಳುತ್ತೆ. ನೀವು ಮಗ್ಗುಲು ಬದಲಿಸ್ದಾಗೆಲ್ಲ ಉಸಿರಿಗೆ ಒದ್ದಾಡೋದು ನನಗೆ ಕೇಳುತ್ತೆ." ಅಷ್ಟು ಹೇಳಿ, ಡಾಕ್ಟರನ್ನು ಕೇಳದೆ ಈಗ ನುಂಗುವುದೂ ಬೇಡವೆಂದು ಹಳೆಯ ಪಟ್ಟಿಯನ್ನು ಕಸಿದುಕೊಂಡರು. ಅದೇ ಗಳಿಗೆ ಆಟೋ ಕರೆಸಿ ಹೃದಯದ ಡಾಕ್ಟರ ಮುಂದೆ ಕೂರಿಸಿ, ಬೈಸಿ, ಹೊಸ ಚೀಟಿ ಬರೆಸಿ ತಂದರು.

ಸಂಜೆಗೆ ಇಬ್ಬರೂ ಎದುರುಬದುರು ಕೂತರು. ಉಸಿರು. ಹುಬ್ಬು. ತಲೆ. ಊದಣ್ಣ ನುಂಗಿದರು, ಗಂಟಲು ಕದಲಿತು. ಗವಾಯಿ ಕಣ್ಣು ಮುಚ್ಚಿ, ಕಹಿ ಮುಖ ಮಾಡಿ, ಗುಳುಕ್ಕನೆ ನುಂಗಿತು. "ನಲವತ್ತು ವರ್ಷ ನನ್ನ ಮಾತಿಗೆ ಇಲ್ದಿರೋ ಬೆಲೆ ನಾಯಿಗೆ ಬಂತು ನೋಡು" ಎಂದು ಹೆಂಡತಿ ನನಗೆ ಹೇಳಿ, ಸೆರಗಿನಿಂದ ಕಣ್ಣೊರೆಸಿಕೊಂಡು ಒಳಗೆ ಹೋದರು.

ಕೆಲವು ವಾರಗಳಲ್ಲಿ ಇಬ್ಬರೂ ಬೀದಿಯ ತಿರುವಿನ ತನಕ ನಡೆಯುವಂತಾದರು. ಒಬ್ಬರು ನಿಂತರೆ ಇನ್ನೊಬ್ಬರೂ ನಿಲ್ಲುತ್ತಿದ್ದರು, ಯಾರಿಗಾಗಿ ಯಾರು ನಿಂತರೆಂದು ಇಬ್ಬರೂ ಬಾಯಿ ಬಿಡುತ್ತಿರಲಿಲ್ಲ. ಆಗಲೇ ಔಷಧಿ ಅಂಗಡಿಯವನು ಮನೆಗೆ ಬಂದು ಕಾಲಿಗೆರಗಿದ.

"ನನ್ನ ತಂಗಿ ಮದುವೆ ಅಣ್ಣಾ. ಲಾರಿ ಬೇಡ. ನೀವು ಊದೋದೂ ಬೇಡ. ಮುಂದೆ ನಿಂತು ನಡೆಸಿಕೊಟ್ರೆ ಸಾಕು."

ಊದಣ್ಣ ಹಳೆಯ ಕೆಂಪು ಕೋಟು ಹಾಕಿದರು. ಗುಂಡಿಗಳೂ ಅವುಗಳ ತೂತುಗಳೂ ಒಂದಕ್ಕೊಂದು ಮುಖ ನೋಡದಷ್ಟು ಮುನಿಸಿಕೊಂಡಿದ್ದವು. ಗವಾಯಿ ಕೈಗಾಡಿಯಲ್ಲಿ, ನಾವು ಹಿಂದೆ. ಅವರು ಉಸಿರೆಳೆದು ತಲೆ ಹಾಕಿದರು, ನಮ್ಮ ಬ್ಯಾಂಡು ಮತ್ತೆ ಎದ್ದಿತು. ಅವರ ಜಾಗದಲ್ಲಿ ಊದುತ್ತಿದ್ದವನು ನಮ್ಮ ಕ್ಲಾರಿಯೊನೆಟ್‌ನವನು. ಸ್ವರ ತೆಳ್ಳಗಿತ್ತು, ಸುಳ್ಳಾಗಿರಲಿಲ್ಲ.

ಕಾರು ಹೊರಡುವ ಹೊತ್ತು. ಧಾಟಿ ಕೊನೆಗೆ ಬಂತು. ನೀಳ ಸ್ವರ ಅರ್ಧ ದಾರಿ ನಡೆಯಿತು. ಗವಾಯಿ ಕೈಗಾಡಿಯಲ್ಲಿ ಎದ್ದು ನಿಂತಿತು. ಗದ್ದ ಅರ್ಧ ಮೇಲೆ, ಕಣ್ಣು ಊದಣ್ಣನ ಮೇಲೆ. ನನ್ನ ಡ್ರಮ್ ಕೋಲು ಗಾಳಿಯಲ್ಲೇ ನಿಂತಿತು. ಊದಣ್ಣನ ಎದೆ ತುಂಬಿತು. ಹುಬ್ಬು ಏರಿತು. ತಲೆ ಒಂದು ಕೂದಲೆಳೆ ಇಳಿದರೆ ಸಾಕಿತ್ತು.

ಇಳಿಯಲಿಲ್ಲ. ತುಂಬಿಕೊಂಡ ಉಸಿರನ್ನು ಅವರು ಹಾಗೆಯೇ ಮೆಲ್ಲಗೆ ಬಿಟ್ಟು, ಮುಖವನ್ನು ಆಚೆ ತಿರುಗಿಸಿದರು. ಉಳಿದ ಅರ್ಧ ದಾರಿ ಖಾಲಿಯಾಗಿಯೇ ಹೋಯಿತು, ಅದರೊಳಗೆ ಕಾರು ಸದ್ದಿಲ್ಲದೆ ಹೊರಟಿತು. ಗವಾಯಿ ಇನ್ನೂ ಸ್ವಲ್ಪ ಹೊತ್ತು ಕಾದು, ಗದ್ದ ಇಳಿಸಿ ಕೂತಿತು.

ವಾಪಸು ಬರುವಾಗ ಕೈಗಾಡಿ ತಳ್ಳುತ್ತಾ ನಾನು ತಡೆಯಲಾರದೆ ಕೇಳಿದೆ. "ಅಣ್ಣಾ, ಅಷ್ಟು ಆಸೆಪಟ್ಟಿದ್ರಲ್ಲ. ಒಂದ್ಸಲ ತಲೆ ಹಾಕ್ಬಹುದಿತ್ತು."

"ಹಾಕ್ಬಹುದಿತ್ತು ಕಣೋ." ಕೈಗಾಡಿಯೊಳಗೆ ಕೈ ಹಾಕಿ ಗವಾಯಿಯ ಕಿವಿ ಸವರಿದರು. "ಸಂಜೆ ಮಾತ್ರೆ ಯಾರ ಜೊತೆ ನುಂಗ್ಲಿ?"

ಮನೆಯಲ್ಲಿ ಹೆಂಡತಿ ನೀರು ತಂದಿಟ್ಟರು. ಕೆಂಪು ಕೋಟಿನಲ್ಲೇ ಊದಣ್ಣ ಗವಾಯಿಯ ಎದುರು ನೆಲದ ಮೇಲೆ ಕೂತರು. ಒಂದು ಕೈಯಲ್ಲಿ ಮಾತ್ರೆ, ಇನ್ನೊಂದು ಕೈ ಕಿಸೆಯೊಳಗೆ. ಉಸಿರೆಳೆದರು. ಹುಬ್ಬು ಏರಿತು. ಗವಾಯಿ ಗದ್ದ ಎತ್ತಿ ಕಾಯುತ್ತಿತ್ತು. ಈ ಸಲ ತಲೆ ಇಳಿಯಿತು.