ವಾರಕ್ಕೆ ಇಮ್ಮಡಿ: ಮನ್ಮನೆಯ ರಾಜೀವಿ ಹೆಗಡೆ

ರಾಜೀವಿ ನನ್ನ ಉತ್ತಮ ವಿದ್ಯಾರ್ಥಿನಿಯರಲ್ಲಿ ಒಬ್ಬಳಾಗಿರಲಿಲ್ಲ. ಶಿರಸಿಯ ಕಾಲೇಜಿನಲ್ಲಿ ಬಿ.ಎಸ್ಸಿ. ಗಣಿತ ಓದಿದ ಮೂರು ವರ್ಷವೂ ನಡುವಿನ ಬೆಂಚಿನಲ್ಲಿ ಕುಳಿತು, ನಡುವಿನ ಅಂಕ ಪಡೆದು ಹೋದವಳು. ಘಾತೀಯ ಫಲನದ ಪಾಠ ಮುಗಿದ ದಿನ ಆ ವಕ್ರರೇಖೆಯನ್ನು ಅಂದವಾಗಿ ಬಿಡಿಸಿ ಒಪ್ಪಿಸಿದ್ದಳು. ಮೊದಲು ನೆಲಕ್ಕೆ ಅಂಟಿಕೊಂಡು ಸಾಗಿ, ಆಮೇಲೆ ಗೋಡೆಯಂತೆ ಏಳುವ ಗೆರೆ. ಅಂದದ ಚಿತ್ರ ಬಿಡಿಸುವವರೆಲ್ಲ ವಿಷಯ ತಿಳಿದವರಲ್ಲ. ರಾಜೀವಿಗೆ ಅದು ತಿಳಿದದ್ದು ಮದುವೆಯಾಗಿ ಸಿದ್ದಾಪುರ ತಾಲೂಕಿನ ಮನ್ಮನೆಗೆ ಬಂದು ಎಂಟು ವರ್ಷವಾದ ಮೇಲೆ, ಜೇನುಪೆಟ್ಟಿಗೆಯ ಮುಂದೆ.

ಅವಳ ತವರು ಯಲ್ಲಾಪುರದ ಹತ್ತಿರದ ನಂದೊಳ್ಳಿ. ಗಂಡ ಗೋವಿಂದನಿಗೆ ಜೇನು ಹುಳ ಕಂಡರೆ ಆಗುತ್ತಿರಲಿಲ್ಲ. ಕಚ್ಚಿದರೆ ಮುಖ ಬಾತುಕೊಳ್ಳುತ್ತಿತ್ತು. ಹಾಗಾಗಿ ಮಾವ ಸಾಕಿದ್ದ ಪೆಟ್ಟಿಗೆಗಳು ಸೊಸೆಯ ಪಾಲಿಗೆ ಬಂದವು. 1992ರ ಹೊತ್ತಿಗೆ ಅವಳಲ್ಲಿ ಹದಿನಾಲ್ಕು ಪೆಟ್ಟಿಗೆ ತುಡುವೆ ಜೇನು ಇತ್ತು. ಅವರ ಕೆಳಗಿನ ಕೇರಿಯಲ್ಲಿ ಒಟ್ಟು ನಲವತ್ತು. ಗದ್ದೆ ಬಯಲು ದಾಟಿ, ದಿಬ್ಬ ಹತ್ತಿ, ಒಂದು ಮೈಲಿ ನಡೆದರೆ ಸಿಗುವ ಮೇಲಿನ ಕೇರಿಯಲ್ಲಿ ಒಂಬತ್ತು.

ಕೆಳಗಿನ ಕೇರಿಯಲ್ಲಿ ಒಂದು ಪದ್ಧತಿ ಇತ್ತು. ಯಾರದಾದರೂ ಪೆಟ್ಟಿಗೆಯಲ್ಲಿ ರಾಣಿ ಸತ್ತರೆ, ಅಥವಾ ಹುಳದ ಬಲ ಕುಗ್ಗಿದರೆ, ನೆರೆಯವರು ತಮ್ಮ ಪೆಟ್ಟಿಗೆಯಿಂದ ಮೊಟ್ಟೆ, ಮರಿ ಇರುವ ಒಂದು ಎರಿಯನ್ನು, ಅಂದರೆ ಜೇನುತಟ್ಟಿಯನ್ನು, ತೆಗೆದು ಕೊಡುತ್ತಿದ್ದರು. ಎಳೆಯ ಮರಿ ಸಿಕ್ಕರೆ ಹುಳಗಳು ಅದನ್ನೇ ರಾಣಿಯಾಗಿ ಬೆಳೆಸಿಕೊಳ್ಳುತ್ತವೆ. ಕೇಳಿದವರಿಗೆ ಇಲ್ಲ ಎನ್ನುವ ಹಾಗಿಲ್ಲ, ಕೊಟ್ಟದ್ದನ್ನು ಎತ್ತಿ ಆಡುವ ಹಾಗಿಲ್ಲ. ಕೊಡುವುದೂ ಹೇಗೆಂದರೆ, ಇದ್ದದ್ದರಲ್ಲಿ ಅತಿ ಬಲವಾದ ಪೆಟ್ಟಿಗೆಯಿಂದಲೇ ಕೊಡಬೇಕು. ಸೊರಗಿದ ಪೆಟ್ಟಿಗೆಯಿಂದ ಕೊಟ್ಟರೆ ಜಿಪುಣತನ.

ಆ ಚಳಿಗಾಲದಲ್ಲಿ ಜೇನಿನ ಮರಿಗಳಿಗೆ ಒಂದು ರೋಗ ಬಂದಿದೆ, ದಕ್ಷಿಣದ ಕಡೆಯಿಂದ ಏರುತ್ತಿದೆ ಎಂಬ ಸುದ್ದಿ ಇತ್ತು. ಸಂಕ್ರಾಂತಿ ಕಳೆದ ಮೇಲೆ ರಾಜೀವಿ ತನ್ನ ಒಂದು ಪೆಟ್ಟಿಗೆಯಲ್ಲಿ ಅದನ್ನು ಕಂಡಳು. ಎರಿಯ ಕೋಣೆಯೊಳಗೆ ಸುರುಳಿ ಸುತ್ತಿ ಮಲಗಿರಬೇಕಾದ ಮರಿ ನೆಟ್ಟಗೆ ಚಾಚಿಕೊಂಡು, ತಲೆ ಮೇಲೆತ್ತಿ ಸತ್ತಿತ್ತು. ಮುಳ್ಳಿನಿಂದ ಮೀಟಿದರೆ ನೀರು ತುಂಬಿದ ಸಣ್ಣ ಚೀಲದಂತೆ ಇಡಿಯಾಗಿ ಎದ್ದು ಬಂತು. ಮುಂದಿನ ವಾರ ಎರಡು ಪೆಟ್ಟಿಗೆ. ಅದರ ಮುಂದಿನ ವಾರ ಮೂರು. ಮೂರನೆಯದು ಅವಳ ಅತಿ ಬಲವಾದ ಪೆಟ್ಟಿಗೆ. ಅದು ಬಲವಾದದ್ದು ಹೇಗೆಂದು ಆಗ ಹೊಳೆಯಿತು: ಎಲ್ಲೋ ರೋಗದಿಂದ ಸೊರಗಿ ಕಾವಲಿಲ್ಲದ ಗೂಡಿನ ತುಪ್ಪವನ್ನು ಅದರ ಹುಳಗಳು ಕದ್ದು ತಂದಿದ್ದವು, ತುಪ್ಪದ ಜೊತೆ ರೋಗವನ್ನೂ. ಅದೇ ಪೆಟ್ಟಿಗೆಯಿಂದ ಎರಡು ವಾರದ ಹಿಂದೆ ಅವಳು ನೆರೆಮನೆಯ ವಿಘ್ನೇಶ್ವರ ಹೆಗಡೆಯವರಿಗೆ ಎರಿ ತೆಗೆದುಕೊಟ್ಟಿದ್ದಳು.

ಮಧ್ಯಾಹ್ನದ ಊಟವನ್ನೂ ಮಾಡದೆ ಅವರ ಮನೆಗೆ ಹೋದಳು.

"ಬಾ ಕೂಸೆ. ಆಸರಿಗೆ ಎಂತ ಅಡ್ಡಿಲ್ಲೆ?" ಎಂದು ಕುಡಿಯಲು ಏನಾಗಬೇಕೆಂದು ವಿಚಾರಿಸಿದರು ವಿಘ್ನೇಶ್ವರ ಹೆಗಡೆ. ಅರವತ್ತು ದಾಟಿದವರು, ಕೇರಿಗೆ ಹಿರಿಯರು.

"ಆಸರಿ ಎಂತ ಬ್ಯಾಡ ಭಾವ. ಆನು ಕೊಟ್ಟ ಎರಿ ಹಾಕಿದ ಪೆಟ್ಟಿಗೆ ನೋಡಕ್ಕು."

"ನೋಡು, ನೋಡು. ಲಾಯ್ಕಾಜು. ಹುಳ ತುಂಬಿ ತುಳುಕ್ತಾ ಇದ್ದು. ನಾಳೆ ಬೆಳಿಗ್ಗೆ ಅದ್ರಿಂದ್ಲೇ ಒಂದು ಎರಿ ಮೇಲಿನ ಕೇರಿ ವೆಂಕಮ್ಮಂಗೆ ಕೊಡ್ತೆ ಹೇಳಿ ಮಾತು ಕೊಟ್ಟಿದ್ದೆ. ಪಾಪ, ಅದರ ಪೆಟ್ಟಿಗೆಲಿ ರಾಣಿ ಇಲ್ಲೆ."

ರಾಜೀವಿ ಪೆಟ್ಟಿಗೆ ತೆರೆದಳು. ತುಂಬಿದ ಎರಿಯ ಮಧ್ಯೆ ಐದಾರು ಕೋಣೆಗಳಲ್ಲಿ ಮರಿಗಳು ತಲೆ ಎತ್ತಿ ನಿಂತಿದ್ದವು. ನಾಲ್ಕನೆಯ ಪೆಟ್ಟಿಗೆ. ಒಂದು, ಎರಡು, ನಾಲ್ಕು. ಮೂರು ಅಂಕಿಯಿಂದ ಯಾವ ನಿಯಮವೂ ಸಾಬೀತಾಗುವುದಿಲ್ಲ. ಆದರೆ ನಾಲ್ಕನೆಯ ಅಂಕಿಗೆ ಕಾದರೆ ಆ ಕಾಯುವಿಕೆಗೆ ತೆರಬೇಕಾದದ್ದು ಇನ್ನೂ ನಾಲ್ಕು ಪೆಟ್ಟಿಗೆ. ಮೇಲಿನ ಕೇರಿಗೆ ಮಾತ್ರ ರೋಗ ಈವರೆಗೆ ಕಾಲಿಟ್ಟಿರಲಿಲ್ಲ. ನಡುವಿನ ಅಷ್ಟು ದೂರವನ್ನು ತುಡುವೆ ದಾಟುವುದು ಅಪರೂಪ. ರೋಗ ಅಲ್ಲಿಗೆ ಹೋಗುವುದಾದರೆ ಮನುಷ್ಯರ ಕೈಯಲ್ಲೇ ಹೋಗಬೇಕು. ಅದು ನಾಳೆ ಬೆಳಿಗ್ಗೆಯೇ ಹೊರಡಲಿತ್ತು.

"ಇದು ರೋಗ, ಭಾವ. ಈ ಪೆಟ್ಟಿಗೆ ಇವತ್ತೇ ಸುಡಕ್ಕು. ವೆಂಕಮ್ಮಂಗೆ ಕೊಡದು ಬ್ಯಾಡ."

"ನೀನೇ ಕೊಟ್ಟ ಎರಿ, ನೀನೇ ಬಂದು ಸುಡು ಹೇಳ್ತ್ಯ? ಕೊಟ್ಟದ್ದನ್ನ ವಾಪಸ್ ಕೇಳಿದವ್ವು ಈ ಕೇರಿಲಿ ಇನ್ನೂ ಹುಟ್ಟಿದ್ವಿಲ್ಲೆ."

"ಕೊಟ್ಟದ್ದೇ ತಪ್ಪಾತು."

"ನಲವತ್ತರಲ್ಲಿ ನಾಲ್ಕು. ವಾರಕ್ಕೆ ಎರಡರ ಹಾಂಗೆ ಹೋದ್ರೂ ಮಳೆಗಾಲ ಹಿಡಿಯುವರೆಗೆ ತೊಂದ್ರೆ ಇಲ್ಲೆ. ನೀ ಓದಿದ್ದೆ ಹೇಳಿ ನಂಗೆ ಲೆಕ್ಕ ಬತ್ತಿಲ್ಲೆ ಹೇಳಿ ತಿಳ್ಕಳಡ."

"ಅದು ಕೂಡೋ ಲೆಕ್ಕ ಭಾವ. ಇದು ಗುಣಿಸೋ ಲೆಕ್ಕ." ರಾಜೀವಿ ಅಡುಗೆಮನೆಯ ಕಡೆ ತಿರುಗಿದಳು. "ಅಕ್ಕಾ, ನಿನ್ನೆ ಹಾಲಿಗೆ ಎಷ್ಟು ಹೆಪ್ಪು ಹಾಕಿದ್ದೆ?"

"ಅರ್ಧ ಚಮಚ," ಎಂದು ಒಳಗಿನಿಂದ ಹೆಗಡೆಯವರ ಹೆಂಡತಿಯ ದನಿ ಬಂತು. "ಅವ್ರ ಹತ್ರ ಕೇಳಡ ಮತ್ತೆ. ಅವಕ್ಕೆ ಉಂಬುದೊಂದೇ ಗೊತ್ತಿಪ್ಪುದು."

"ಕೇಳಿದ್ರ? ಅರ್ಧ ಚಮಚ ಪಾತ್ರೆ ತುಂಬ ಹಾಲನ್ನ ಮೊಸರು ಮಾಡ್ತು. ಒಂದು ಎರಡಾಗ್ತು, ಎರಡು ನಾಲ್ಕಾಗ್ತು. ನಡುವೆ ಮುಚ್ಚಳ ತೆಗೆದು ನೋಡಿದ್ರೆ ಹಾಲಿನ ಹಾಂಗೇ ಇರ್ತು, ಎಂತೂ ಆಜಿಲ್ಲೆ ಹೇಳಿ ಕಾಣ್ತು. ಆಮೇಲೆ ಒಂದೇ ಸಲ ಗಟ್ಟಿ. ಇವತ್ತು ನಾಲ್ಕು. ಬಪ್ಪ ವಾರ ಎಂಟು, ಆಮೇಲೆ ಹದಿನಾರು, ಮೂವತ್ತೆರಡು. ನಾಲ್ಕನೇ ವಾರ ಅರವತ್ನಾಲ್ಕು ಆಗಕ್ಕು. ಅಷ್ಟು ಪೆಟ್ಟಿಗೆ ಕೇರಿಲೇ ಇಲ್ಲೆ."

"ಇಲ್ಲದ ಪೆಟ್ಟಿಗೆಗೂ ರೋಗ ತಂದ್ಯಲೆ ಮಾರಾಯ್ತಿ!" ಎಂದು ಹೆಗಡೆಯವರು ನಕ್ಕರು. ನಗು ನಿಂತ ಮೇಲೆ ಮುಖ ಬಿಗಿಯಿತು. "ಮಾತು ಕೊಟ್ಟಾಜು. ಬೆಳಿಗ್ಗೆ ಒಯ್ತೆ."

ಅವರನ್ನು ತಡೆಯಲಾಗದಿದ್ದರೆ ತೆಗೆದುಕೊಳ್ಳುವವಳನ್ನಾದರೂ ತಡೆಯಬೇಕು. ರಾಜೀವಿ ಅಲ್ಲಿಂದಲೇ ಗದ್ದೆ ಇಳಿದು ದಿಬ್ಬ ಹತ್ತಿದಳು. ವೆಂಕಮ್ಮ ಗಂಡ ಸತ್ತ ಮೇಲೆ ಒಬ್ಬಳೇ ಗದ್ದೆ ನೋಡಿಕೊಂಡಿದ್ದವಳು. ಅವಳದು ಒಂದೇ ಪೆಟ್ಟಿಗೆ. ಉಳಿದ ಎಂಟೂ ಬೇಲಿಯ ಆಚೆ, ಅವಳ ಮೈದುನ ಬೀರನವು.

ಎಲ್ಲ ಕೇಳಿ ವೆಂಕಮ್ಮ ಹೇಳಿದಳು: "ರಾಣಿ ಇಲ್ದೆ ಆಗ್ಲೇ ಅರ್ಧ ಹುಳ ಹೋಗ್ಯದೆ ಅಮ್ಮ. ನಾಳೆ ಎರಿ ಬರ್ದಿದ್ರೆ ಪೆಟ್ಟಿಗೆ ಖಾಲಿ. ನಿಮ್ಮನೇಲಿ ಹದಿನಾಲ್ಕು, ನಂದು ಒಂದು. ನಿಮ್ಮ ಲೆಕ್ಕದಲ್ಲಿ ಒಂದು ಅಂದ್ರೆ ಸಣ್ಣದು. ನಂಗೆ ಅದೇ ಪೂರಾ."

ಇದು ಸುಳ್ಳಲ್ಲ. ತನ್ನ ಪೆಟ್ಟಿಗೆಯಿಂದ ಒಂದು ಎರಿ ಕೊಡುತ್ತೇನೆಂದು ರಾಜೀವಿ ಹೇಳುವಂತಿರಲಿಲ್ಲ. ಇವತ್ತು ಶುದ್ಧವಾಗಿ ಕಾಣುವ ಪೆಟ್ಟಿಗೆಯಲ್ಲಿ ರೋಗ ಕಣ್ಣಿಗೆ ಬೀಳದೆ ಕೂತಿರಬಹುದು.

"ಬೀರನ ಹತ್ರ ಕೇಳು. ಅವನ ಪೆಟ್ಟಿಗೆಗೆ ರೋಗ ಇಲ್ಲ."

"ಬೇಲಿ ಮೂರು ಮೊಳ ಈಚೆ ಹಾಕ್ದವನ ಹತ್ರನಾ? ಹುಳ ಸಾಯ್ಲಿ, ಬೇಕಾದ್ರೆ."

ಬೇಲಿಯಾಚೆ ಬಿದಿರು ಸೀಳುತ್ತಿದ್ದ ಬೀರ ಕತ್ತಿ ನಿಲ್ಲಿಸಿದ. ಅತ್ತಿಗೆಯ ಕಡೆ ನೋಡದೆ ರಾಜೀವಿಗೆ ಹೇಳಿದ: "ಕೇಳಿದ್ರೆ ಕೊಡೂದಿಲ್ಲ ಅಂತ ಯಾರು ಹೇಳಿದ್ರು ಅಮ್ಮ? ಕೇಳ್ಲಿ. ಬಾಯಿಲ್ವಾ?"

"ಬೇಲಿ ಹಿಂದೆ ಸರ್ಸಿದ ದಿನ ಬಾಯಿ ಬರ್ತದೆ ಅಂತ ಹೇಳಿ ಅಮ್ಮ," ಎಂದಳು ವೆಂಕಮ್ಮ.

ಇಬ್ಬರೂ ಮೂರು ವರ್ಷದಿಂದ ಮಾತು ಬಿಟ್ಟವರು. ರಾಜೀವಿ ಬರಿಗೈಯಲ್ಲಿ ಹಿಂತಿರುಗಿದಳು. ಸಂಜೆ ಹುಳಗಳೆಲ್ಲ ಗೂಡಿಗೆ ಬಂದ ಮೇಲೆ ತನ್ನ ಮೂರು ಪೆಟ್ಟಿಗೆಗಳ ಬಾಗಿಲಿಗೆ ಬಟ್ಟೆ ತುರುಕಿ, ಗುಂಡಿಗೆ ಇಳಿಸಿ, ಸೀಮೆಎಣ್ಣೆ ಹೊಯ್ದು ಬೆಂಕಿ ಕೊಟ್ಟಳು. ಒಳಗಿನ ಮೊರೆತ ಏರಿ ನಿಂತಿತು. ಗೋವಿಂದ ಜಗಲಿಯಲ್ಲೇ ನಿಂತಿದ್ದ.

"ಜೀವ ಇಪ್ಪ ಹುಳನ ಸುಡ್ತ್ಯಲೆ."

"ಮೂರು ಸುಡ್ತೆ. ಇಲ್ದಿದ್ರೆ ಹದಿನಾಲ್ಕು."

ಬೆಳಿಗ್ಗೆ ವಿಘ್ನೇಶ್ವರ ಹೆಗಡೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಎರಿ ಹಿಡಿದು ಮೇಲಿನ ಕೇರಿ ತಲುಪಿದಾಗ ರಾಜೀವಿ ವೆಂಕಮ್ಮನ ಪೆಟ್ಟಿಗೆಯ ಮುಂದೆ ನಿಂತಿದ್ದಳು.

"ಸರಿ ಆಚೆಗೆ," ಎಂದರು ಹೆಗಡೆ.

"ಬಟ್ಟೆ ಬಿಚ್ಚಿ ಭಾವ. ತೆಗೆದುಕೊಂಬವ್ಳು ನೋಡಿ ತೆಗೆದುಕೊಳ್ಳಲಿ." ಬೇಲಿಯ ಕಡೆ ತಿರುಗಿ ಕರೆದಳು: "ಬೀರಾ, ನೀನೂ ಬಾ."

ಬೀರ ಬೇಲಿಗೆ ಬಂದು ನಿಂತ. ರಾಜೀವಿ ಮುಳ್ಳಿನ ತುದಿಯಿಂದ ಒಂದು ಮರಿಯನ್ನು ಎತ್ತಿದಳು. ಬಿಸಿಲಿಗೆ ಹಿಡಿದಾಗ ಒಳಗಿನ ನೀರು ತುದಿಗೆ ಇಳಿದು ತೂಗಿತು. ಇನ್ನೊಂದು ಎತ್ತಿದಳು, ಅದೂ ಹಾಗೆಯೇ. ಹೆಗಡೆಯವರು ಬಗ್ಗಿ ನೋಡಿದರು. ಹಿಂದಿನ ದಿನ ಅವರು ನೋಡಿದ್ದು ಹುಳದ ಗುಂಪನ್ನು ಮಾತ್ರ, ಮರಿಯನ್ನಲ್ಲ.

"ಇದು ವೆಂಕಮ್ಮನ ಪೆಟ್ಟಿಗೆಗೆ ಹೋಗ್ತದೆ," ಎಂದಳು ರಾಜೀವಿ. "ಅದು ಸೊರಗ್ತದೆ. ಆಗ ಅದರ ತುಪ್ಪ ಕದಿಯೋಕೆ ಬರೋದು ಯಾರ ಹುಳ?"

ಬೀರನ ಎಂಟು ಪೆಟ್ಟಿಗೆಗಳು ಬೇಲಿಯಿಂದ ಕಲ್ಲೆಸೆತದಲ್ಲಿದ್ದವು. ಅವನು ಪೆಟ್ಟಿಗೆಗಳ ಕಡೆ ಹೋದ, ಹೊಗೆ ಹಿಡಿದು ಒಂದು ಪೆಟ್ಟಿಗೆ ತೆರೆದ, ಎಳೆ ಮರಿ ಇದ್ದ ಎರಿಯೊಂದನ್ನು ತಂದು ಬೇಲಿಯ ಮೇಲಿಂದ ಚಾಚಿದ.

"ಅಮ್ಮಾ, ಇದು ನಿಮಗೆ ಕೊಡೂದು. ನೀವು ಯಾರಿಗೆ ಬೇಕಾದ್ರೂ ಕೊಡಿ."

ಅದು ಔದಾರ್ಯವಲ್ಲ, ಭಯ. ಆದರೆ ಕೆಲಸಕ್ಕೆ ಭಯ ಸಾಕಾಯಿತು. ವೆಂಕಮ್ಮ ಎರಿಯನ್ನು ತೆಗೆದುಕೊಂಡಳು, ರಾಜೀವಿಯ ಕೈಯಿಂದ. ಹೆಗಡೆಯವರು ತಮ್ಮ ಎರಿಯನ್ನು ವೆಂಕಮ್ಮನ ಬಚ್ಚಲೊಲೆಗೆ ತಾವೇ ಹಾಕಿ ದಿಬ್ಬ ಇಳಿದರು.

ಗಂಡಾಂತರ ಅಲ್ಲಿಗೆ ಮುಗಿಯಲಿಲ್ಲ. ಕಾಡಿನ ಗೂಡಿನಿಂದಲೋ, ಗಾಳಿಯ ಜೊತೆ ಬಂದ ಹುಳದಿಂದಲೋ ರೋಗ ಯಾವಾಗ ಬೇಕಾದರೂ ಮೇಲೆ ಬರಬಹುದಿತ್ತು. ರಾಜೀವಿ ವಾರಕ್ಕೊಮ್ಮೆ ಬಂದು ಒಂಬತ್ತನ್ನೂ ತೆರೆದು ನೋಡುವುದಾಗಿ ಹೇಳಿದಳು.

"ಎಲ್ಲಾ ರೋಗ ಕಣ್ಣಿಗೆ ಬೀಳ್ತದಾ?" ಎಂದು ಬೀರ ಕೇಳಿದ.

"ಎಲ್ಲಾ ಸಿಗಬೇಕು ಅಂತಿಲ್ಲ. ಅರ್ಧಕ್ಕಿಂತ ಹೆಚ್ಚು ಸಿಕ್ಕರೆ ಸಾಕು. ಹತ್ತು ಇದ್ದಲ್ಲಿ ಆರು ಸುಟ್ಟರೆ ನಾಲ್ಕು ಉಳೀತದೆ, ವಾರದಲ್ಲಿ ಎಂಟಾಗ್ತದೆ. ಹತ್ತಕ್ಕಿಂತ ಕಡಿಮೆ. ಮುಂದಿನ ವಾರ ಇನ್ನೂ ಕಡಿಮೆ. ಐದೇ ಸುಟ್ಟರೆ ಮತ್ತೆ ಹತ್ತು, ಇದ್ದಲ್ಲೇ. ನಾಲ್ಕು ಸುಟ್ಟರೆ ಹನ್ನೆರಡು. ಆಮೇಲೆ ತಡೆಯೋಕಾಗೂದಿಲ್ಲ. ಒಂದು ವಾರ ತಪ್ಪಿಸಿದ್ರೂ ಹಾಂಗೇ."

ನಾನು ಕರಿಹಲಗೆಯ ಮೇಲೆ ಅಸಮತೆ ಎಂದು ಬರೆಯುತ್ತಿದ್ದುದು ಇಷ್ಟೇ. ಒಂದು ಗಡಿ ಇದೆ. ಅದರ ಈಚೆ ಎಲ್ಲವೂ ಕುಗ್ಗುತ್ತದೆ, ಆಚೆ ಎಲ್ಲವೂ ಉಬ್ಬುತ್ತದೆ. ಸ್ವಲ್ಪ ಪ್ರಯತ್ನಕ್ಕೆ ಸ್ವಲ್ಪ ಫಲ ಎಂಬುದು ಅಲ್ಲಿ ನಡೆಯುವುದಿಲ್ಲ.

ಕೆಳಗಿನ ಕೇರಿಯಲ್ಲಿ ಅದು ಗಡಿಯ ಆಚೆಗೆ ಹೋಯಿತು. ಜನ ರೋಗದ ಪೆಟ್ಟಿಗೆಗಳನ್ನು ಸುಡಲು ಮನಸ್ಸಾಗದೆ ಹಿತ್ತಲಲ್ಲಿ ಬಚ್ಚಿಟ್ಟರು. ಸುಟ್ಟದ್ದು ಮೂರರಲ್ಲಿ ಒಂದು. ಶಿವರಾತ್ರಿಯ ಹೊತ್ತಿಗೂ ಅರ್ಧ ಪೆಟ್ಟಿಗೆಗಳಲ್ಲಿ ಹುಳ ಹಾರುತ್ತಿದ್ದುದರಿಂದ, ರಾಜೀವಿ ಹೆದರಿ ಮೂರು ಪೆಟ್ಟಿಗೆ ಸುಟ್ಟಳು ಎಂದು ಆಡಿಕೊಂಡರು. ಹೋಳಿಯ ಹೊತ್ತಿಗೆ ಆಡಿಕೊಳ್ಳಲು ಹುಳವೇ ಇರಲಿಲ್ಲ. ರಾಜೀವಿಯ ಉಳಿದ ಹನ್ನೊಂದೂ ಹೋದವು. ಅವಳು ನನಗೆ ಅದನ್ನು ಹೇಳಿದಾಗ ದನಿಯಲ್ಲಿ ಏನೂ ಇರಲಿಲ್ಲ. ಸುತ್ತಲಿನವರು ಸುಡದಿದ್ದರೆ ತಾನೊಬ್ಬಳು ಸುಟ್ಟದ್ದು ಲೆಕ್ಕಕ್ಕೆ ಸಾಲದು ಎಂದು ಮೊದಲೇ ಗೊತ್ತಿತ್ತಂತೆ.

ಮೇಲಿನ ಕೇರಿಯಲ್ಲಿ ಎರಡನೆಯ ವಾರ ಬೀರನ ಒಂದು ಪೆಟ್ಟಿಗೆಯಲ್ಲಿ ತಲೆ ಎತ್ತಿದ ಮರಿಗಳು ಕಂಡವು. ರಾಜೀವಿ ಬಾಯಿ ತೆರೆಯುವ ಮೊದಲೇ ಅವನು ಗುದ್ದಲಿ ತಂದು ಗುಂಡಿ ತೋಡತೊಡಗಿದ. ಸಂಜೆ ಬೆಂಕಿ ಕೊಟ್ಟಾಗ ಒಣಹುಲ್ಲಿಗೆ ಕಿಡಿ ಹಾರಿತು. ಬೇಲಿಯ ಈಚೆಯಿಂದ ವೆಂಕಮ್ಮ ಕೂಗಿದಳು: "ಏ, ಹುಲ್ಲು ಹತ್ತಿತು! ಕಣ್ಣಿಲ್ವಾ ನಿಂಗೆ?" ಮೂರು ವರ್ಷದ ಮೇಲೆ ಅವನಿಗೆ ನೇರವಾಗಿ ಆಡಿದ ಮೊದಲ ಮಾತು ಅದು. ಬೀರ ನೀರು ಎರಚಿದ. ಮರುವಾರ ಉಳಿದ ಎಂಟು ಪೆಟ್ಟಿಗೆಗಳಲ್ಲಿ ರೋಗವಿರಲಿಲ್ಲ. ಅದರ ಮರುವಾರವೂ ಇರಲಿಲ್ಲ. ವೆಂಕಮ್ಮನ ಪೆಟ್ಟಿಗೆಯಲ್ಲಿ ಹೊಸ ರಾಣಿ ಮೊಟ್ಟೆ ಇಟ್ಟಿತ್ತು. "ಬದುಕ್ತಾ ಅಮ್ಮ?" ಎಂದು ಅವಳು ಕೇಳಿದ್ದಕ್ಕೆ ರಾಜೀವಿ "ಈ ವಾರ ಬದುಕಿದೆ" ಎಂದಷ್ಟೇ ಹೇಳಿ, ಮಳೆ ಹಿಡಿಯುವವರೆಗೆ ಒಂದು ವಾರವೂ ಬಿಡದೆ ದಿಬ್ಬ ಹತ್ತಿದಳು.

ಆ ಎಂಟು ಪೆಟ್ಟಿಗೆಗಳು ಮುಂದಿನ ವರ್ಷ ಹುಳ ಪಾಲಾಗಿ ಹನ್ನೆರಡಾದವು, 1994ಕ್ಕೆ ಇಪ್ಪತ್ತು. ಆ ವರ್ಷ ವಿಘ್ನೇಶ್ವರ ಹೆಗಡೆ ಖಾಲಿ ಪೆಟ್ಟಿಗೆ ಹೊರಿಸಿಕೊಂಡು ಬೀರನ ಅಂಗಳಕ್ಕೆ ಬಂದರು. ಬೀರ ಕೂರಲು ಚಾಪೆ ಹಾಕಿದ, ಬೆಲ್ಲ ನೀರು ಕೊಟ್ಟ. ಹುಳ ಕೊಡಲಿಲ್ಲ.

"ರಾಜೀವಮ್ಮ ಎರಡು ಸಲ ನೋಡ್ಬೇಕು. ಆಮೇಲೆ ಒಯ್ಯಿರಿ ಹೆಗಡೇರೆ."

"ಎರಡು ವಾರ ಕಾಯಕ್ಕ?"

"ಕಾಯ್ಬೇಕು."

ಹೆಗಡೆಯವರು ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಹೋದರು. ಎರಡು ವಾರ ಕಳೆದ ಮೇಲೆ ಬಂದು ಹುಳ ಒಯ್ದರು.